ಖಾಲಿ ಇದ್ದಲ್ಲಿ

ಅರ್ಜಿಯಲ್ಲಿ ಎರಡೇ ಚೌಕ.
ಒಂದು: ದಿನಾ ಆರೂವರೆಗೆ, ಮೊದಲ ಪಂಕ್ತಿ,
ಅದೇ ಮೇಜು, ಅದೇ ಕುರ್ಚಿ, ಎದುರಿಗೆ ಅದೇ ಮುಖ.
ಇನ್ನೊಂದು: ಹಸಿದಾಗ ಬನ್ನಿ,
ಖಾಲಿ ಇದ್ದಲ್ಲಿ ಕೂಡಿಸುತ್ತೇವೆ.

ಪೋರ್ಟೊದಲ್ಲಿ ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದವನು ನಾನು,
ಹಳಿ ಬಿಟ್ಟು ಒಂದು ಗೇಣು ಆಚೆ ಹೋದವನಲ್ಲ.
ಎಡಗೈಯ ಪೆನ್ನು ತಾನಾಗಿ ಮೊದಲ ಚೌಕಕ್ಕೆ ವಾಲಿತ್ತು.
ಬೆಲ್ಮೀರಾ ಕಿತ್ತುಕೊಂಡಳು.
"ಊಟವಾದರೂ ನನ್ನಿಚ್ಛೆಗೆ ಇರಲಿ" ಅಂದಳು,
ಎರಡನೆಯದಕ್ಕೆ ಗೀಟು ಹಾಕಿದಳು
ಹಾಳೆ ಹರಿಯುವ ಹಾಗೆ.

ಹಡಗಿನ ಊಟದಮನೆ ಬಾಗಿಲಲ್ಲಿ ಸಾಲು.
ಕೈಗೊಂದು ಬಿಲ್ಲೆ ಕೊಟ್ಟರು.
ಸರದಿ ಬಂದಾಗ ಅದು ಅಂಗೈಯಲ್ಲಿ
ಜೀರುಂಡೆಯ ಹಾಗೆ ನಡುಗುತ್ತದಂತೆ.
ಖಾಯಂ ಮೇಜಿನವರು ಉಂಡು ಹೊರಗೆ ಬರುತ್ತಿದ್ದರು,
ಆಗಲೇ ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುತ್ತ.
ಯಾರಿಗೆ ಉಪ್ಪು ಕಡಿಮೆ, ಯಾರಿಗೆ ಇನ್ನೊಂದು ಬ್ರೆಡ್ಡು
ಎಂದು ಅವರ ಮಾಣಿಗೆ ಆಗಲೇ ಗೊತ್ತು.
ನಾವು ನಿಂತು ಇಪ್ಪತ್ತಾರು ನಿಮಿಷ.
ನನ್ನ ಟ್ರಾಮ್ ಆಗಿದ್ದರೆ
ಜನ ಪೇಪರಿಗೆ ಬರೆಯುತ್ತಿದ್ದರು.

ಆ ರಾತ್ರಿ ಸಿಕ್ಕವರು ಬ್ರಾಗಾದ ಅಕ್ಕತಂಗಿಯರು.
"ಮಕ್ಕಳು?" ಎಂದರು, ಸೂಪು ಬರುವ ಮುಂಚೆಯೇ.
"ಇಲ್ಲ" ಅಂದಳು ಬೆಲ್ಮೀರಾ.
ಆಮೇಲೆ ನಾಲ್ವರೂ ಬಹಳ ಹೊತ್ತು
ಮೀನಿನ ಮುಳ್ಳು ಬಿಡಿಸಿದೆವು.

ಎರಡನೇ ರಾತ್ರಿ ಕಿಟಕಿಯ ಬಳಿ,
ಸೆತುಬಾಲಿನ ಗ್ವಾಲ್ತೆರ್,
ಸಾರ್ಡೀನ್ ಡಬ್ಬಿಗಳ ಲೆಕ್ಕ ಬರೆದು ಬೆನ್ನು ಬಾಗಿದವನು,
ಜೊತೆಗೆ ಕಿವಿ ಮಂದವಾದ ಹೆಂಡತಿ ಒತೀಲಿಯಾ.
"ಮಕ್ಕಳು?"
"ಒಬ್ಬಳು ಮಗಳು,"
ಬೆಣ್ಣೆ ಸವರುತ್ತ, ತಲೆ ಎತ್ತದೆ, ನನ್ನ ಹೆಂಡತಿ:
"ಫುಂಶಾಲಿನಲ್ಲಿ ನರ್ಸು. ಎಡಚಿ, ಅಪ್ಪನ ಹಾಗೆ."
ಒತೀಲಿಯಾಳಿಗೆ ಕೇಳಿಸಲಿಲ್ಲ.
ಬೆಲ್ಮೀರಾ ಇನ್ನೊಮ್ಮೆ ಹೇಳಿದಳು, ಜೋರಾಗಿ.
ಪಕ್ಕದ ಮೇಜಿನವರೂ ತಿರುಗಿದರು.

ಮೂರನೇ ರಾತ್ರಿ ರೆಸೀಫೆಯ ಹಲ್ಲಿನ ಡಾಕ್ಟರಿಗೆ
ನಮಗೆ ಇಬ್ಬರು ಗಂಡುಮಕ್ಕಳು,
ಚಿಕ್ಕವನು ಸ್ವಲ್ಪ ಪೋಲಿ.
ನಾಲ್ಕನೆಯ ರಾತ್ರಿ ಯಾರೂ ಕೇಳಲಿಲ್ಲ.
ಅವಳು ಹಣ್ಣಿನ ತಟ್ಟೆ ಮುಟ್ಟದೆ ಎದ್ದುಬಿಟ್ಟಳು.

ಕ್ಯಾಬಿನ್ನಿನ ಕತ್ತಲೆಯಲ್ಲಿ
ಕೇಳಬೇಕೆಂದು ಎರಡು ಸಲ ಮಗ್ಗುಲಾದೆ.
ಕೆಳಗೆಲ್ಲೋ ಎಂಜಿನ್ನು ಹಲ್ಲು ಕಡಿಯುತ್ತಿತ್ತು.
ಖಾಯಂ ಮೇಜು ಹಿಡಿದಿದ್ದರೆ
ಮೊದಲ ರಾತ್ರಿಯ ಆ 'ಇಲ್ಲ'
ಏಳು ರಾತ್ರಿಯೂ ನಮ್ಮ ಜೊತೆ ಕೂತು ಉಣ್ಣುತ್ತಿತ್ತು,
ಅನ್ನಿಸಿತು. ಕೇಳಲಿಲ್ಲ.

ಫುಂಶಾಲಿನಲ್ಲಿ ಇಳಿದೆವು. ಮಾವಿನಹಣ್ಣು ಕೊಂಡೆವು.
ಆಸ್ಪತ್ರೆಯ ಮುಂದೆ ಬಸ್ಸು ನಿಂತಾಗ
ಅವಳು ಆಚೆ ಕಡೆಯ ಕಿಟಕಿ ನೋಡಿದಳು.

ಆ ಸಂಜೆ ಬಿಲ್ಲೆ ಬೇಗ ನಡುಗಿತು.
ಕೇಪ್ ವರ್ಡಿನ ಮಾಣಿ ನೇಲಿಯು, ಸಣ್ಣ ಹುಡುಗ,
"ಈ ಕಡೆ ಸಾರ್" ಎಂದು ಕರೆದೊಯ್ದ.
ಆರುನೂರು ಕುರ್ಚಿಗಳಲ್ಲಿ ಖಾಲಿ ಇದ್ದದ್ದು
ಗ್ವಾಲ್ತೆರ್, ಒತೀಲಿಯಾ ಎದುರಿಗೆ.

"ಮಗಳು ಸಿಕ್ಕಳೇ?" ಕೂಗಿ ಕೇಳಿದಳು ಒತೀಲಿಯಾ.

ನೀರಿನ ಲೋಟದ ಮೇಲೆ ಬೆಲ್ಮೀರಾಳ ಕೈ ನಿಂತಿತು.
ನನ್ನತ್ತ ನೋಡಲಿಲ್ಲ.

"ಸಿಕ್ಕಳು" ಅಂದೆ.
"ರಾತ್ರಿ ಪಾಳಿ ಮುಗಿಸಿ ಸೀದಾ ಬಂದರಿಗೇ ಬಂದಿದ್ದಳು.
ಪಾಪ, ನಿದ್ದೆಗಣ್ಣು.
ಕಾಫಿಗೆ ದುಡ್ಡು ನಾನು ಕೊಡುತ್ತೇನೆಂದರೆ ಬಿಡಲಿಲ್ಲ.
ಇವಳಿಗೆ ಮಾವಿನಹಣ್ಣು ಕೊಡಿಸಿದಳು."
ಎಲ್ಲಿಂದ ಬಂತೋ, ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಹಾಗೆ
ಬರುತ್ತಲೇ ಇತ್ತು.

"ಹೆಸರೇನು ಅಂದಿರಿ?"

ಇಬ್ಬರೂ ಒಟ್ಟಿಗೇ ಹೇಳಿದೆವು,
ಒಂದೇ ಹೆಸರು.
ಇಪ್ಪತ್ತೆಂಟು ವರ್ಷದಿಂದ ಮನೆಯಲ್ಲಿ
ಯಾರೂ ಬಾಯಿಬಿಟ್ಟು ಹೇಳದೆ ಇದ್ದದ್ದು.

ಒತೀಲಿಯಾ ಅಂಗೈಯನ್ನು ಕಿವಿಗೆ ಹಿಡಿದು
ಇನ್ನೊಮ್ಮೆ ಹೇಳಿ ಎಂದಳು.

ಊಟ ಮುಗಿಸಿ ಏಳುವಾಗ ನೇಲಿಯು ಬಂದ:
ಯಾರೋ ಇಳಿದುಹೋಗಿದ್ದಾರೆ, ಉಳಿದೆರಡು ರಾತ್ರಿಗೆ
ಖಾಯಂ ಮೇಜೊಂದು ಖಾಲಿ ಇದೆ, ಬರೆದುಕೊಳ್ಳಲೇ?
ನಾನು ಬೆಲ್ಮೀರಾಳನ್ನು ನೋಡಿದೆ.
ಅವಳು ನನ್ನನ್ನು ನೋಡಿದಳು.
ಬಿಲ್ಲೆ ವಾಪಸು ಕೊಡುವುದು ಮರೆತು
ಜೇಬಿಗಿಟ್ಟುಕೊಂಡಿದ್ದೆ.