ಸೀಸೆಯ ಕೊರಳು

ಹಳೆಯ ಒಲೆ ಕೆಡವಿದ ಮೂರನೆಯ ದಿನ
ಹೊಗೆಗೂಡಿನ ಎದೆಮಟ್ಟದಲ್ಲಿ,
ಎರಡು ಇಟ್ಟಿಗೆಯ ನಡುವೆ ಸಿಕ್ಕಿತು
ಒಂದು ಸೀಸೆಯ ಕೊರಳು.
ತಳವಿಲ್ಲ, ಒಡಲಿಲ್ಲ.
ಮಸಿ ಮೆತ್ತಿದ ಬಾಯಿ ಬಡಗಣಕ್ಕೆ ತೆರೆದಿತ್ತು.

ನನಗೀಗ ಐವತ್ತೆರಡು.
ಗಾಳಿ ಬಂದಾಗೆಲ್ಲ ಈ ಮನೆ ಊಳಿಡುವುದನ್ನು ಕೇಳಿ ಬೆಳೆದವಳು.
ಸೈಬೀರಿಯಾಕ್ಕೆ ಒಯ್ದ ತಮ್ಮನೇ ಬಂದು ಅಳುತ್ತಾನೆಂದು
ಅಜ್ಜಿ ಲೀಡಾ ಕಿಟಕಿಯಲ್ಲಿ ಒಂದು ಲೋಟ ಹಾಲಿಡುತ್ತಿದ್ದಳು.
ಅಜ್ಜ ಹಿಂದ್ರೆಕ್ ಮಾತ್ರ
'ಗಾಳಿ ಕಣೇ' ಎನ್ನುತ್ತಿದ್ದ,
ಗೋಡೆಗೆ ಮುಖ ಮಾಡಿ.

ಹೊಸದು ಕಟ್ಟಲು ಬಂದವನು ಎಂಡೆಲ್, ಎಂಬತ್ತೈದರ ಒಲೆಗಾರ.
ಬಂದ ಅಂದರೆ,
ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ.
ಕೈ ನಡುಗುತ್ತದೆ, ಕಣ್ಣು ನಡುಗುವುದಿಲ್ಲ.
ನನ್ನ ರಸಮಟ್ಟದ ಗುಳ್ಳೆ ನಡುವೆ ನಿಂತರೂ
'ಎಡಕ್ಕೆ ಒಂದು ಕೂದಲು' ಎನ್ನುತ್ತಾನೆ,
ಕೂದಲೇ ಇರುತ್ತದೆ.

ಸಿಮೆಂಟು ಬೇಡ, ಜೇಡಿ ಸಾಕು.
ಉಂಡೆ ಕಟ್ಟು, ಎದೆಯೆತ್ತರದಿಂದ ಬಿಡು,
ಒಡೆದರೆ ಮರಳು ಹೆಚ್ಚು, ಅಂಟಿದರೆ ನೀರು ಹೆಚ್ಚು.
ಇಟ್ಟಿಗೆ ನೀರು ಕುಡಿದು ಗುಳ್ಳೆ ಬಿಡುವುದು ನಿಲ್ಲುವವರೆಗೂ ಕಾಯಿ,
ಬಾಯಾರಿದ ಇಟ್ಟಿಗೆ ಗಾರೆಯನ್ನೇ ಹೀರಿಬಿಡುತ್ತದೆ.
ಒಳಗೆ ಕೂರುವ ಕಬ್ಬಿಣದ ಒಲೆಗೂ
ಅದರ ಗಾಜಿನ ಬಾಗಿಲಿಗೂ ಸುತ್ತ ಒಂದು ಬೆರಳು ಜಾಗ ಬಿಡು:
ಕಾದಾಗ ಕಬ್ಬಿಣ ಮೈ ಬಿಡುತ್ತದೆ,
ಒತ್ತಿ ಕಟ್ಟಿದರೆ ಗೋಡೆ ಸೀಳುತ್ತದೆ.

ಹನ್ನೊಂದನೆಯ ವರಸೆ.
ಕಿಟಕಿಯ ಮೇಲೆ ನಾನಿಟ್ಟಿದ್ದ ಕೊರಳನ್ನು
ಮೊದಲ ದಿನವೇ ನೋಡಿದ್ದವನು ಈಗ ಬಾಯಿಬಿಟ್ಟ.
'ಅದು ನನ್ನದು.
ನಿಮ್ಮಜ್ಜ ಕೊನೆಯ ದಿನ
ಅರ್ಧ ಮೂಟೆ ರೈ ಕಮ್ಮಿ ಅಳೆದ.
ನನಗೆ ಇಪ್ಪತ್ತನಾಲ್ಕು. ರಾತ್ರಿ ಏಣಿ ಹಾಕಿದೆ.
ಊಳಿಟ್ಟರೆ ಅವನೇ ಬಂದು ಕೊಡುತ್ತಾನೆ,
ತೆಗೆದರಾಯಿತು ಅಂದುಕೊಂಡೆ.
ಅವನಿಗೆ ಗೊತ್ತಿತ್ತು. ಬರಲಿಲ್ಲ.'

ನಾನು ಹಾಲಿನ ವಿಷಯ ಹೇಳಿದೆ.

ಕರಣೆಯ ಮೇಲಿನ ಮಣ್ಣು ಅಂಚಿನಿಂದ ಒಣಗುತ್ತ ಬಂತು.
ಹೊರಗೆ ಯಾರದೋ ಟ್ರ್ಯಾಕ್ಟರು ವೋರು ರಸ್ತೆ ಹಿಡಿದು ಹೋಯಿತು.
'ಆ ಇಟ್ಟಿಗೆ ತೆಗೆ' ಎಂದ ಎಂಡೆಲ್, 'ಓರೆಯಾಗಿದೆ.'
ಓರೆಯಾಗಿರಲಿಲ್ಲ.
ತೆಗೆದೆ. ತೊಳೆದೆ. ಮತ್ತೆ ಅಲ್ಲೇ ಇಟ್ಟೆ.

ಇಪ್ಪತ್ತೊಂಬತ್ತು ವರಸೆಗೆ ಮುಗಿಯಿತು.
ಮೊದಲ ಬೆಂಕಿಗೆ ಹೊಗೆಯೆಲ್ಲ ಮನೆಗೇ ಮರಳಿತು,
ಕಣ್ಣುಜ್ಜಿಕೊಳ್ಳುತ್ತ ಇಬ್ಬರೂ ಕೆಮ್ಮಿದೆವು.
'ಹೊಗೆಗೂಡು ತಣ್ಣಗಿದೆ, ದಾರಿ ತಿಳಿಯದು' ಎಂದು
ಬುಡದ ಪುಟ್ಟ ಬಾಗಿಲಲ್ಲಿ
ಹಳೆ ಪತ್ರಿಕೆಯ ಒಂದು ಹಾಳೆ ಉರಿಸಲು ಹೇಳಿದ.
ಏನೋ ನೆನಪಾದಂತೆ ಒಲೆ ಒಮ್ಮೆ ಗುಟುಕರಿಸಿ
ಬರ್ಚಿನ ತೊಗಟೆಯನ್ನು ಒಳಗೆಳೆದುಕೊಂಡಿತು.
ಎರಡು ವಾರ ಸಣ್ಣ ಉರಿ, ದಿನಕ್ಕೆ ನಾಲ್ಕೇ ಕಡ್ಡಿ.
ಗೋಡೆ ಬೆವರಿತು, ಒಣಗಿತು, ಬೆಚ್ಚಗಾಯಿತು.

ಅಂಗಡಿಯಲ್ಲಿ ಈಗ ಮೂಟೆ ಸಿಗುವುದಿಲ್ಲ.
ಒಂದೊಂದು ಕಿಲೋದ ಇಪ್ಪತ್ತಾರು ಪೊಟ್ಟಣ ರೈ ಹಿಟ್ಟು
ಕಾರಿನ ಡಿಕ್ಕಿಯಲ್ಲಿ ಒಯ್ದು ಅವನ ಮೆಟ್ಟಿಲ ಮೇಲೆ ಜೋಡಿಸಿದೆ.
ಬೆರಳಿಟ್ಟು ಎಣಿಸಿದ.
'ಒಂದು ಹೆಚ್ಚಿದೆ' ಎಂದು ವಾಪಸು ಕೊಟ್ಟ.
ಕೂಲಿ ಎಷ್ಟೆಂದು ಕೇಳಿದ್ದಕ್ಕೆ ಬಾಗಿಲು ಮುಚ್ಚಿದ.

ನವೆಂಬರಿನಲ್ಲಿ ಬಡಗಣ ಗಾಳಿ ಬಂತು.
ಹೆಂಚು ಅಲುಗಿತು, ಅಂಗಳದ ಸೇಬಿನ ಟೊಂಗೆ ಮುರಿಯಿತು.
ಮನೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ.
ಇಟ್ಟಿಗೆಗೆ ಬೆನ್ನು ಕೊಟ್ಟು ಕೂತೆ,
ಬಿಸಿ ಮೂಳೆಯವರೆಗೂ ಇಳಿಯಿತು.
ನಿದ್ದೆ ಬರಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಎದ್ದು
ಕಿಟಕಿಯ ಮೇಲಿನ ಗಾಜನ್ನು ಒರೆಸಿ
ತುಟಿಗೆ ಹಿಡಿದು
ಮೆಲ್ಲಗೆ, ಒಮ್ಮೆ ಮಾತ್ರ, ಊದಿದೆ.