ಯಾವ ವರ್ಷದ್ದು?

ಹೀರೇಕಾಯಿ ಬಜ್ಜಿಗೆ ರೀಸ್ಲಿಂಗ್, ಸರಿ.
ಎಣ್ಣೆಗಾಯಿಗೆ ಶಿರಾಜ್, ಅದೂ ಒಗ್ಗಿತು.
ಹಾಗಲಕಾಯಿ ಗೊಜ್ಜಿಗೆ ಮಾತ್ರ
ಮೂರು ಬಾಟಲಿ ತೆರೆದರೂ
ಜಾತಕ ಕೂಡಲಿಲ್ಲ.

ಟನುಂಡಾದಲ್ಲಿ ದ್ರಾಕ್ಷಿ ಕೊಯ್ಲು ಮುಗಿದ ವಾರ.
ಎದುರುಮನೆ ಲೋಥರ್
ಅರವತ್ತು ಸುಗ್ಗಿ ಕಂಡ ಮೂಗನ್ನು
ಸುಮ್ಮನೆ ಒರೆಸಿಕೊಳ್ಳುತ್ತ ಕೂತಿದ್ದ;
ನಾನು ಓದಿ ಕಲಿತದ್ದನ್ನೆಲ್ಲ
ಅವನೆದುರೇ ಒಪ್ಪಿಸಿದ್ದೆ, ದಡ್ಡಿ.

ಬಟ್ಟಲು ಸಾಲದೆ ಕೊನೆಗೆ
ಮೆಣಸಿನ ಸಾರನ್ನು
ವೈನ್ ಗ್ಲಾಸಿಗೇ ಬಗ್ಗಿಸಿದೆ.
ಹಬೆಯಾಡುವ ಗಾಜನ್ನು ಅವನು
ದೀಪಕ್ಕೆ ಹಿಡಿದ, ತಿರುಗಿಸಿದ,
ಮೂಗು ಇಳಿಬಿಟ್ಟ,
ಸೀನಿದ. ಎರಡು ಸಲ.
ಮೇಜುಬಟ್ಟೆಯ ಮೇಲೆ ಕರಿಬೇವು.

'ಯಾವ ವರ್ಷದ್ದು?'
'ಇವತ್ತಿನದು. ಸಂಜೆ ಐದೂವರೆ.'

ಒಗ್ಗರಣೆಯ ಸಾಸಿವೆಯೊಂದು
ಅವನ ಮೀಸೆಯಲ್ಲೇ ಉಳಿದಿತ್ತು.
ಹೇಳೋಣ ಅನ್ನುವಷ್ಟರಲ್ಲಿ
ಖಾಲಿ ಗ್ಲಾಸು ಮುಂದೆ ಬಂತು.