ಷರಾ

ಮೇ ತಿಂಗಳ ಎರಡನೇ ವಾರ. ಮುಂಗಾರಿಗೆ ಮೊದಲು
ಮುಗಿಸತಕ್ಕದ್ದು ಎಂದು ಮೇಲಿನವರ ಮೆಮೊ.
ನಾಯಂಡಹಳ್ಳಿಯ ಕೆಳಗೆ ಎಂಟುನೂರು ಮೀಟರು,
ನನ್ನ ಪಾಲಿಗೆ ಬಂದ ವೃಷಭಾವತಿ.
ಕಡತದಲ್ಲಿ ಅವಳು ನದಿಯಲ್ಲ, ರಾಜಕಾಲುವೆ.
ರಾಜ ಯಾರೋ ಗೊತ್ತಿಲ್ಲ. ಕಾಲಂತೂ ಇಡುವಂತಿಲ್ಲ.

ರಿಜಿಸ್ಟರಿನಲ್ಲಿ ಐದು ಕಾಲಂ:
ಕ್ರಮಸಂಖ್ಯೆ, ಜಾತಿ, ಸುತ್ತಳತೆ, ಗೋಡೆಯಿಂದ ದೂರ, ಷರಾ.
ಟೇಪಿನ ತುದಿ ಹಿಡಿದ ಮುನಿಕದಿರಪ್ಪ
"ಮರಕ್ಕೂ ಜಾತಿ ಬರ್ಕೊಂತೀರ ಮೇಡಂ?" ಅಂದ.
ನಗದೆ ಬರೆದುಕೊಂಡೆ:
ಹೊಂಗೆ. ತೊಂಬತ್ತಾರು ಸೆಂಟಿಮೀಟರು.

ಅವನು ಕೊಂಬೆ ನೋಡುವವನಲ್ಲ,
ಬಗ್ಗಿ ಬೇರು ಹೋದ ದಿಕ್ಕು ನೋಡುತ್ತಾನೆ.
"ಇದು ಮಣ್ಣು ಹಿಡಿದೈತೆ, ಬಿಡಿ.
ಇದು ಗೋಡೆ ಹಿಡಿದೈತೆ, ಬಿಡ್ಬೇಡಿ."
ಸುಬಾಬುಲ್ಲು ಹನ್ನೊಂದು, ಚರ್ಚೆಯೇ ಇಲ್ಲ.
ಹರಳುಗಿಡ ಲೆಕ್ಕಕ್ಕಿಲ್ಲ;
ಸುತ್ತಳತೆ ಇಲ್ಲದವರ ಹೆಸರು
ಯಾವ ರಿಜಿಸ್ಟರಿಗೂ ಏರುವುದಿಲ್ಲ.

ಆಮೇಲೆ ಆ ಅತ್ತಿ.
ಗೊರವಂಕವೊಂದು ಹಿಕ್ಕೆಯಲ್ಲಿ ಬಿಟ್ಟುಹೋದ ಬೀಜ
ಕಲ್ಲಿನ ಸಂದಿಯಲ್ಲಿ ಕೂದಲೆಳೆ ಬೇರು ಬಿಟ್ಟು
ಮೂರು ಮಳೆಗಾಲಕ್ಕೆ ಹಾರೆಯಾಗಿ
ಸೈಜುಗಲ್ಲನ್ನು ಮೀಟುತ್ತಿತ್ತು.
ಗರಗಸ ಇಟ್ಟರೆ ಹಾಲು.
ಬೆಳ್ಳನೆ ಹಾಲು ಕರಿನೀರಿಗೆ ತೊಟ್ಟಿಕ್ಕುವಷ್ಟು ಹೊತ್ತೂ
ಮುನಿಕದಿರಪ್ಪ ಬೀಡಿ ಹಚ್ಚಲಿಲ್ಲ.
ಉಳಿ ಹಾಕಿ ಬೇರು ಕಿತ್ತು, ಸಿಮೆಂಟು ಮೆತ್ತಿ,
ಬರೆದೆ: ತೆಗೆಯಲಾಗಿದೆ.

ಇಪ್ಪತ್ತಮೂರನೆಯದು ನೀರಿನ ಮೇಲೆ ಬಾಗಿದ ಹೊಂಗೆ.
ಸಂಜೆ ಕೆಂಪು ಬಣ್ಣದ ನಂಬರು ಹಾಕಿ ಹೋದೆವು.
ಬೆಳಗಾಗುವುದರೊಳಗೆ ಆ ಕಡೆಯಿಂದ ಅರಿಶಿನದ ದಾರ,
ಈ ಕಡೆಯಿಂದ ಹಸಿರು ಬಟ್ಟೆಯ ಚೂರು.
ಬೀದಿಯ ಎರಡೂ ಸಾಲಿನವರು
ತಮ್ಮ ತಮ್ಮ ಕೈಗೆ ಸಿಕ್ಕ ದೇವರನ್ನು ಕಟ್ಟಿದ್ದರು.
ಷರಾ: ಸ್ಥಳೀಯರ ಆಕ್ಷೇಪಣೆ. ಮುಂದೂಡಿದೆ.

ಸೆಪ್ಟೆಂಬರಿನಲ್ಲಿ ಒಂದು ರಾತ್ರಿ, ಒಂದೂವರೆ ತಾಸಿನ ಮಳೆ.
ಮೊದಲು ಬಂದದ್ದು ಹಾಸಿಗೆಯಂತೆ, ಡಬಲ್ ಕಾಟಿನದು.
ಬಾಗಿದ ಕೊಂಬೆಗೆ ಸಿಕ್ಕಿಕೊಂಡಿತು.
ಅದರ ಬೆನ್ನಿಗೆ ತೆಂಗಿನ ಗರಿ, ಥರ್ಮೋಕೋಲು, ಹೆಲ್ಮೆಟ್ಟು,
ಯಾರದೋ ಬಾಗಿಲು.
ಎರಡು ಗಂಟೆಗೆ ಕಾಲುವೆಗೆ ಕದ ಹಾಕಿದಂತಾಗಿ
ನೀರು ಬೀದಿಗೆ ತಿರುಗಿತು.
ಶಹತಾಜಳ ಮನೆಯಲ್ಲಿ ಅಕ್ಕಿ ಡ್ರಮ್ಮು ತೇಲಿತು.

ಬೆಳಿಗ್ಗೆ ದಾರ ಕಟ್ಟಿದವರೇ ಕೂಗುತ್ತಿದ್ದರು,
"ಬುಡಸಮೇತ ತೆಗೀರಿ!"
ಮೆಷಿನ್ ಗರಗಸ ಸ್ಟಾರ್ಟಾಗಿತ್ತು.
ಸೊಂಟದವರೆಗೆ ಒದ್ದೆಯಾದ ಶಹತಾಜ್
ಚಪ್ಪಲಿ ಕೈಯಲ್ಲಿ ಹಿಡಿದು ಬಂದು
ತನ್ನ ಮನೆ ಗೋಡೆಯ ಕೆಸರಿನ ಗೆರೆ ತೋರಿಸಿ,
ಅಲ್ಲಿಂದ ಅದೇ ಚಪ್ಪಲಿಯನ್ನು ಅಡ್ಡಡ್ಡ ಎಳೆದು
ಮರದ ಮೈಮೇಲೊಂದು ಗೆರೆ ಹಾಕಿದಳು.
"ಇದರ ಕೆಳಗೆ ಇರೋದು ಎಲ್ಲಾ ಕೊಯ್ರಿ,
ಮೇಲೆ ಇರೋದಕ್ಕೆ ಕೈ ಹಚ್ಬೇಡಿ.
ನೀರು ಹೋಗ್ಲಿ. ನೆರಳು ಎಲ್ಲಿಗೂ ಹೋಗೋದು ಬೇಡ."

ನಾಲ್ಕು ಪುಟದ ಸುತ್ತೋಲೆ
ಹೇಳಲು ತಿಣುಕಿದ್ದ ಮಾತು ಅದು.
ಬುಡ ನೋಡಿದೆವು. ಬೇರು ಮಣ್ಣಿನಲ್ಲೇ ಇತ್ತು.
ನಾಲ್ಕು ಕೊಂಬೆ ಬಿದ್ದವು. ಹೊಂಗೆ ಈಗ
ಸೀರೆ ಎತ್ತಿ ಕಟ್ಟಿ ಹೊಳೆಗಿಳಿದ ಹೆಂಗಸಿನ ಹಾಗೆ
ನಿಂತಿದೆ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿ
ಅದರ ಕೊರಳಿಗೇ.

ನವೆಂಬರಿನ ತಪಾಸಣೆ.
ಸಿಮೆಂಟು ಮೆತ್ತಿದ ಜಾಗದ ಒಂದು ಗೇಣು ಪಕ್ಕಕ್ಕೆ
ತಾಮ್ರದ ಬಣ್ಣದ ಎರಡು ಎಲೆ.
ರಿಜಿಸ್ಟರಿನಲ್ಲಿ ಅತ್ತಿ ಇಲ್ಲ,
ನನ್ನದೇ ಸಹಿ, ಕಚೇರಿಯದೇ ಮೊಹರು.
ಮುನಿಕದಿರಪ್ಪ ನನ್ನ ಮುಖ ನೋಡಿದ,
ನಾನು ಪೆನ್ನಿನ ಮುಚ್ಚಳ ನೋಡಿದೆ.
"ಉಗುರಲ್ಲೇ ಚಿವುಟ್ಬೋದು ಮೇಡಂ, ಈಗಾದ್ರೆ"
ಎಂದವನು, ಚಿವುಟದೆ,
ಟೇಪು ಸುತ್ತಿಕೊಳ್ಳತೊಡಗಿದ.